ಕೊಟ್ಟೂರಿನ ನೀಲಿ ಬೋರ್ಡು

ಅಂಗಡಿ ಇದ್ದದ್ದು ಕೊಟ್ಟೂರಿನ ಬಸ್ ನಿಲ್ದಾಣದ ರಸ್ತೆಯಲ್ಲಿ. ಮಾಲೀಕರು ನನ್ನ ಸೋದರಮಾವ. ಮಾರುತ್ತಿದ್ದದ್ದು ಒಂದೇ ಕಂಪನಿಯ ಕಂಪ್ಯೂಟರ್. ಬಾಗಿಲ ಮೇಲಿದ್ದದ್ದು ಆ ಕಂಪನಿ ಕೊಟ್ಟ ನೀಲಿ ಬೋರ್ಡು. ಬಿ.ಎಸ್ಸಿ. ಮುಗಿಸಿ, ಬೇರೆ ಕೆಲಸ ಸಿಗದೆ ಅಲ್ಲಿ ಕೂತಿದ್ದವನು ನಾನು. ಬೋರ್ಡು ಇಳಿದರೆ ಅಂಗಡಿ ಇಲ್ಲ. ಅಂಗಡಿ ಇಲ್ಲದಿದ್ದರೆ ನಮಗಿಬ್ಬರಿಗೂ ಅನ್ನವಿಲ್ಲ. ಇಂಥ ಸ್ಥಿತಿಯಲ್ಲೂ ನಗುವಂಥ ಪ್ರಸಂಗಗಳನ್ನು ಕಂಪನಿ ತಪ್ಪದೆ ಒದಗಿಸುತ್ತಿತ್ತು.

೧. ಕುಟುಂಬ

ಮೊದಲ ಸಲ ಬಂದ ಬೆಂಗಳೂರಿನ ಅಧಿಕಾರಿ ನಮ್ಮ ಮನೆಯಲ್ಲೇ ರೊಟ್ಟಿ ಉಂಡು, "ಡೀಲರ್ ಅಂದರೆ ನಮ್ಮ ಕುಟುಂಬ ಸಾರ್" ಎಂದಿದ್ದ. ಕೆಲವು ವರ್ಷಗಳ ನಂತರ ಅದೇ ಅಧಿಕಾರಿ ಜೀಪಿನಿಂದ ಇಳಿಯದೆಯೇ ತಿಳಿಸಿದ: "ಇನ್ನು ಮುಂದೆ ಕಂಪನಿ ಗ್ರಾಹಕರಿಗೆ ನೇರವಾಗಿ ಮಾರುತ್ತದೆ. ನೀವೂ ಮಾರಬಹುದು."

"ಕುಟುಂಬ ಅಂದಿದ್ರಲ್ರಿ?"

"ಈಗಲೂ ಅಷ್ಟೇ ಸಾರ್."

ಮಾವ ತಲೆಯಾಡಿಸಿದರು. "ಹಂಗಾರ ಇದು ಪಾಲಾದಂಗ ಆತು ಬಿಡ್ರಿ. ಹೊಲ ನಿಮಗ, ಬದು ನಮಗ."

೨. ಉಚಿತ ದೂರವಾಣಿ

ಕಂಪನಿಯ ಉಚಿತ ಸಂಖ್ಯೆಗೆ ಮಾವ ಗಿರಾಕಿಯಂತೆ ಫೋನ್ ಮಾಡಿದರು. ಅತ್ತಲಿನ ಹೆಣ್ಣುಮಗಳು, "ನಿಮ್ಮ ಊರಲ್ಲಿ ನಮಗೆ ಡೀಲರ್ ಇಲ್ಲ ಸಾರ್, ನಾವೇ ಮನೆಗೆ ಕಳಿಸುತ್ತೇವೆ" ಎಂದಳು.

"ಬಸ್ ಸ್ಟ್ಯಾಂಡ್ ರೋಡಿನಾಗ ಒಬ್ಬಾತ ಅದಾನಂತಲ್ಲ ತಂಗಿ?"

"ಅಂಥವರನ್ನೆಲ್ಲ ನಂಬಬೇಡಿ ಸಾರ್."

ನಾನು ಸಿಟ್ಟಿನಿಂದ ಎದ್ದು ನಿಂತಿದ್ದೆ. ಮಾವ ಫೋನ್ ಇಟ್ಟು, "ಕುಂದ್ರಲೇ. ನಿಮ್ಮತ್ತಿನೂ ದಿನಾ ಇದನ್ನ ಹೇಳ್ತಾಳ" ಎಂದರು.

೩. ಹಡಗಲಿಯ ವಕೀಲರು

ಇವರು ನಮ್ಮಲ್ಲಿ ಮೂರು ಸಲ ದರ ಕೇಳಿ, ಕೊನೆಗೆ ಕಂಪನಿಯಿಂದಲೇ ನೇರವಾಗಿ ತರಿಸಿದರು. ಯಂತ್ರ ಚಾಲೂ ಆಗಲಿಲ್ಲ. "ಹತ್ತಿರದ ಡೀಲರನ್ನು ಕಾಣಿ" ಎಂದು ಉಚಿತ ಸಂಖ್ಯೆಯೇ ಈಗ ನಮ್ಮ ವಿಳಾಸ ಕೊಟ್ಟಿತ್ತು. ವಕೀಲರು ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹೊತ್ತು ತಂದರು.

ಮಾವ ಸ್ಕ್ರೂ ಬಿಚ್ಚುತ್ತ ಹೇಳಿದರು: "ಮದುವಿಗೆ ಕರೀಲಿಲ್ಲ. ಜಗಳ ಬಿಡಸಾಕ ಕರದಾರ."

೪. ಕೈಗುಣ

ನಮ್ಮ ಕಡೆ ಹೊಸ ಯಂತ್ರವನ್ನು ಕೈಗುಣವಿದ್ದವರಿಂದ ಕಾಯಿ ಒಡೆಸಿ, ಅವರಿಂದಲೇ ಚಾಲೂ ಮಾಡಿಸುತ್ತಾರೆ. ಮಾವನ ಕೈಗುಣದಲ್ಲಿ ಸುತ್ತಲಿನವರಿಗೆಲ್ಲ ನಂಬಿಕೆಯಿತ್ತು. ನನಗಿರಲಿಲ್ಲ.

ಒಂದು ಬೆಳಗ್ಗೆ ಅಧಿಕಾರಿ ಬಂದು, "ಒಪ್ಪಂದ ಮುಗಿದಿದೆ" ಎಂದವನೇ ಬೋರ್ಡನ್ನು ಇಳಿಸಿ ಜೀಪಿಗೆ ಹಾಕಿದ. ಮಾವ ಬರಿಗೋಡೆಯನ್ನು ನೋಡುತ್ತ ನಿಂತರು. ಜೀಪು ಹಗರಿಬೊಮ್ಮನಹಳ್ಳಿಯ ಹತ್ತಿ ಗಿರಣಿಗೆ ಹೋಯಿತು. ಅಲ್ಲಿ ಕಂಪನಿ ನೇರವಾಗಿ ಮಾರಿದ ಕಂಪ್ಯೂಟರುಗಳನ್ನು ಒಪ್ಪಿಸುವುದಿತ್ತು.

ಮಧ್ಯಾಹ್ನ ಅದೇ ಜೀಪು ಮರಳಿತು. ಈ ಸಲ ಅಧಿಕಾರಿ ಕೆಳಗಿಳಿದ.

"ಸಾರ್, ನೀವೇ ಬಂದು ಬಟನ್ ಒತ್ತುವುದಾದರೆ ಮಾತ್ರ ಪೆಟ್ಟಿಗೆ ಒಳಗೆ ಬರಬೇಕಂತೆ. ಗಿರಣಿಯ ಸಾಹುಕಾರರು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತಿದ್ದಾರೆ. ಇವತ್ತು ಒಪ್ಪಿಸದಿದ್ದರೆ ನನ್ನ ಕೆಲಸ ಹೋಗುತ್ತದೆ!"

"ಒತ್ತಾಕೇನ್ರಿ, ಒತ್ತಬೌದು. ಆದ್ರ ಯಾರಂತ ಬರ್ಲಿ? ಡೀಲರ್ ಅಂತೂ ಅಲ್ಲ. ಬೋರ್ಡು ನಿಮ್ಮ ಜೀಪಿನಾಗ ಐತಿ."

ಅಧಿಕಾರಿ ನಮ್ಮದೇ ಫೋನಿನಿಂದ ಬೆಂಗಳೂರಿಗೆ ಮಾತಾಡಿದ. ತುಂಬ ಹೊತ್ತು ಬೇಡಿಕೊಂಡ. ಒಪ್ಪಂದ ಮುಂದುವರಿಯಿತು. ಆಮೇಲೆ ಟೈ ಹೆಗಲಿಗೆ ಎಸೆದುಕೊಂಡು, ನಮ್ಮ ಸ್ಟೂಲು ಹತ್ತಿ, ಬೋರ್ಡನ್ನು ತಾನೇ ಕಟ್ಟತೊಡಗಿದ.

ಮಾವ ಕೆಳಗೆ ನಿಂತು ನೋಡಿದರು. "ಸ್ವಲ್ಪ ಎಡಕ್ಕ ತಗೋರಿ. ಹಾಂ, ಸಾಕು. ತಂತಿ ಭಾಳ ಬಿಗೀಬ್ಯಾಡ್ರಿ. ನಾಳಿ ಬಿಚ್ಚೋರೂ ನೀವ ಅದೀರಿ."

ಯಾವುದೋ ಕಂಪನಿಯ ಬೋರ್ಡಿಗೆ ತಮ್ಮ ಬಾಗಿಲು ಬಿಟ್ಟುಕೊಡಲು ಹೊರಟವರು ನಿಮ್ಮ ಪರಿಚಯದಲ್ಲಿದ್ದರೆ, ದಯವಿಟ್ಟು ಇದನ್ನು ಅವರಿಗೆ ದಾಟಿಸಿ. ಪೂರ್ತಿ ಓದಲು ಅವರಿಗೆ ಬಿಡುವಿಲ್ಲದಿದ್ದರೆ, ತಂತಿಯ ವಿಷಯವನ್ನಾದರೂ ಹೇಳಿ.