ಹಲ್ಲು ನೋಡಿ ಕೊಂಡ ಮೊಪೆಡ್

ನಮ್ಮ ಸೋದರಮಾವ ಮೊಪೆಡ್ ಕೊಳ್ಳಲು ಹೋದಾಗ ಅದರ ಹಲ್ಲು ನೋಡಿದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಷ್ಟವಿಲ್ಲ! ಅಂಗಡಿಯ ಹುಡುಗನೂ ನಂಬಲಿಲ್ಲ, ಪಕ್ಕದಲ್ಲೇ ನಿಂತಿದ್ದ ನಾನೂ ನಂಬಲಿಲ್ಲ. ಆದರೆ ಮಾವ ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ಚೈನಿನ ಮುಚ್ಚಳ ಬಿಚ್ಚಿಸಿ, ಒಳಗಿನ ಚಕ್ರದ ಹಲ್ಲುಗಳನ್ನು ಹೆಬ್ಬೆರಳಿನಲ್ಲಿ ಒಂದೊಂದಾಗಿ ಸವರಿ, "ಪರ್ವಾಗಿಲ್ಲ, ಇನ್ನೂ ಎಳೇದು" ಎಂದು ತೀರ್ಪು ಕೊಟ್ಟದ್ದಂತೂ ನಿಜ. ಅಂದ ಹಾಗೆ, ಮಾವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಬೇಸರಿಸಬೇಡಿ. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಹಚ್ಚಿದರೆ ಎರಡು ಮನೆಗೂ ಜಗಳವಾಗಿದೆ ಎಂದು ಊರು ತಿಳಿದುಕೊಳ್ಳುತ್ತದೆ.

ಕ್ಯಾತನಹಳ್ಳಿಯಲ್ಲಿ ಕಬ್ಬು ಬೆಳೆದುಕೊಂಡಿದ್ದ ನಮ್ಮ ಮಾವನಿಗೆ ಎತ್ತು ಆರಿಸುವುದರಲ್ಲಿ ದೊಡ್ಡ ಹೆಸರು. ಕೆ.ಆರ್.ಪೇಟೆಯಿಂದ ನಾಗಮಂಗಲದವರೆಗೆ ಯಾರು ಜೋಡಿ ಎತ್ತು ಕಟ್ಟಬೇಕೆಂದರೂ ಅವನನ್ನು ಕರೆದೊಯ್ಯುತ್ತಿದ್ದರು. ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ, ಮೈಮೇಲಿನ ಸುಳಿ ನೋಡಿ, ಗೊರಸು ನೋಡಿ, ನಡಿಗೆ ನೋಡಿ, ಆ ಎತ್ತಿನ ಅಜ್ಜಿಯ ಸ್ವಭಾವ ಎಂಥದ್ದೆಂದೂ ಹೇಳಿಬಿಡುತ್ತಿದ್ದ! ಯಂತ್ರದ ವಿಷಯಕ್ಕೆ ಬಂದರೆ ಮಾತ್ರ ಸೈಕಲ್ ಕೂಡ ತುಳಿದವನಲ್ಲ. ಯಾರಾದರೂ ಸ್ಕೂಟರಿನ ಹಿಂದೆ ಕೂರೆಂದರೆ, "ಉಸಿರಾಡ್ದೇ ಇರೋದ್ರ ಮ್ಯಾಲೆ ನಾನು ಕೂರಾಕಿಲ್ಲ" ಎಂದು ನಡೆದೇ ಹೋಗುತ್ತಿದ್ದ. ಇಂಥವನಿಗೆ ನನ್ನ ಮೊದಲ ಗಾಡಿ ಆರಿಸುವ ಜವಾಬ್ದಾರಿ ಕೊಟ್ಟವರು ಯಾರು ಎಂದು ಕೇಳುತ್ತೀರಾ? ಯಾರೂ ಕೊಡಲಿಲ್ಲ. ಅವನೇ ತೆಗೆದುಕೊಂಡ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತು ವರ್ಷ. ನರ್ಸ್ ತರಬೇತಿ ಮುಗಿಸಿ ಆರೋಗ್ಯ ಉಪಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ನಮ್ಮ ವಂಶದಲ್ಲಿ ಸರ್ಕಾರಿ ಕೆಲಸ ಕಂಡ ಮೊದಲ ಹೆಣ್ಣು ನಾನು. ನನ್ನ ಪಾಲಿಗೆ ಬಂದದ್ದು ನಾಲ್ಕು ಹಳ್ಳಿ. ಒಂದಕ್ಕೆ ಬಸ್ಸಿತ್ತು. ಒಂದಕ್ಕೆ ನಾಲೆ ಏರಿಯ ಮೇಲೆ ಹೋಗಬೇಕು, ಒಂದಕ್ಕೆ ಕಲ್ಲುಗುಡ್ಡ ಬಳಸಬೇಕು, ಕೊನೆಯದಕ್ಕೆ ಕಬ್ಬಿನ ಗದ್ದೆಗಳ ನಡುವಿನ ಗಾಡಿದಾರಿ, ಮಳೆ ಬಂದರೆ ಅದು ದಾರಿಯೋ ಗದ್ದೆಯೋ ದೇವರಿಗೇ ಗೊತ್ತು. ಲಸಿಕೆಯ ಡಬ್ಬಿ ಹೆಗಲಿಗೇರಿಸಿ ನಡೆದು ನಡೆದು ಮನೆ ಸೇರುವಾಗ ಕತ್ತಲಾಗುತ್ತಿತ್ತು. ಅಪ್ಪ ಒಂದು ದಿನ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಮಳೆಗಾಲದೊಳ್ಗೆ ಒಂದು ಗಾಡಿ ಆಗ್ಬೇಕು. ಇಲ್ಲ ಅಂದ್ರೆ ಕೆಲ್ಸ ಬುಟ್ಬುಡು. ಗಂಡು ನೋಡ್ತೀನಿ." ನಾನು ಅತ್ತುಬಿಟ್ಟೆ. ಜಗಲಿಯಲ್ಲಿ ಕೂತಿದ್ದ ಮಾವ ಎದ್ದು ನಿಂತು, "ಭಾವ, ಗಂಡು ನೀವು ನೋಡಿ, ಗಾಡಿ ನಾನು ನೋಡ್ತೀನಿ. ಯಾವ್ದು ಮೊದ್ಲು ಸಿಕ್ತದೋ ಸಿಗ್ಲಿ" ಎಂದ. ಅಲ್ಲಿಂದ ನನ್ನ ಕೆಲಸದ ಅಳಿವು ಉಳಿವು ಸೈಕಲ್ ತುಳಿಯದ ಮನುಷ್ಯನ ಕೈಗೆ ಹೋಯಿತು.

ಮಾವ ಸುಮ್ಮನೆ ಕೂರಲಿಲ್ಲ. ಪಾಂಡವಪುರದ ಬಸ್ ನಿಲ್ದಾಣದಲ್ಲಿ ಬೋಂಡ ತಿಂದನಂತೆ. ಕಟ್ಟಿಕೊಟ್ಟ ಕಾಗದದಲ್ಲಿ ಒಂದು ಬಣ್ಣದ ಚಿತ್ರ. ನಾಲ್ಕು ದಪ್ಪ ಚಕ್ರದ ಒಂದು ಮೋಟಾರ್ ಸೈಕಲ್ಲು, ಅದರ ಮೇಲೆ ತಲೆಗೆ ಟೋಪಿ, ಕೈಗೆ ಗವಸು, ಕಾಲಿಗೆ ಬೂಟು ಹಾಕಿದ ಯಾವುದೋ ದೇಶದ ಮಗು, ಸುತ್ತ ಬರೀ ಕೆಸರು. ಮಾವನಿಗೆ ಸಾಕ್ಷಾತ್ ದರ್ಶನವಾದಂತಾಯಿತು. ಎಣ್ಣೆ ಹತ್ತಿದ ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಮನೆಗೆ ಬಂದು, "ಎರಡು ಕಾಲಿಂದು ಬೀಳ್ತದೆ ಕಣವ್ವ, ನಾಕು ಕಾಲಿಂದು ಬೀಳಾಕಿಲ್ಲ. ಎತ್ತಿಗೆ ದೇವ್ರು ನಾಕು ಕಾಲು ಸುಮ್ಕೆ ಕೊಟ್ನಾ?" ಎಂದ. ಆ ವಾರವೆಲ್ಲ ಆ ಕಾಗದ ಹಿಡಿದು ಊರೂರು ಅಲೆದ. ಕೆ.ಆರ್.ಪೇಟೆಯಲ್ಲಿ ಟ್ರಾಕ್ಟರ್ ಮಾರುವವನೊಬ್ಬ ಚಿತ್ರ ನೋಡಿ ನಕ್ಕು, "ಅಣ್ಣೋ, ಇದು ಟ್ರಾಕ್ಟರ್ ಮರಿ ಕಣಣ್ಣೋ" ಎಂದನಂತೆ. ಮಾವ ಬಿಡುವವನೇ? "ಮರಿ ಇದ್ಮೇಲೆ ಇದ್ರವ್ವ ಎಲ್ಲಾದ್ರೂ ಇರ್ಬೇಕಲ್ಲ, ಇನ್ನೊಂದು ಈಯ್ತದಾ ಕೇಳ್ಲಾ!"

ನಾಲ್ಕು ಕಾಲಿನದು ನಮ್ಮ ದೇಶದಲ್ಲಿ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಮಾವ ಎರಡು ಕಾಲಿಗೆ ಇಳಿದ. ಇಳಿದ ಎಂದರೆ ಸುಲಭವಾಗಿ ಅಲ್ಲ. ನನ್ನನ್ನು ಶ್ರೀರಂಗಪಟ್ಟಣದ ಹೆದ್ದಾರಿ ಬದಿಯ ಅಂಗಡಿಗೆ ಕರೆದುಕೊಂಡು ಹೋಗಿ, ಮೊದಲು ಒಂದು ಸ್ಕೂಟರ್ ತೋರಿಸಿದ ಹುಡುಗನಿಗೆ, "ಇದ್ನ ಮಲಗ್ಸು" ಎಂದ.

"ಮಲಗ್ಸೋದಾ? ಹೊಸ ಗಾಡಿ ಯಜಮಾನ್ರೇ, ಪೇಂಟ್ ಹೋಯ್ತದೆ!"

"ಗೋಣಿಚೀಲ ಹಾಸ್ಬುಟ್ಟು ಮಲಗ್ಸ್ಲಾ. ನಾಳೆ ದಾರೀಲಿ ಬಿದ್ರೆ ಎತ್ತೋಕೆ ನೀನ್ ಬತ್ತೀಯಾ?"

ಗೋಣಿಚೀಲ ಹಾಸಿ ಸ್ಕೂಟರನ್ನು ಮಲಗಿಸಲಾಯಿತು. ಎತ್ತಲು ಹೋದೆ, ಅದು ಅಲುಗಲಿಲ್ಲ. ಗೇರಿನ ಬೈಕೊಂದನ್ನು ಮಲಗಿಸಿದರು. ಅದನ್ನು ಎತ್ತುವಷ್ಟರಲ್ಲಿ ನಾನೇ ಮಲಗುವ ಹಾಗಾಯಿತು. ಕೊನೆಗೆ ಮೂಲೆಯಲ್ಲಿದ್ದ ಬೂದು ಬಣ್ಣದ ಮೊಪೆಡ್ಡನ್ನು ಮಲಗಿಸಿದಾಗ ಒಂದೇ ಏಟಿಗೆ ಎತ್ತಿ ನಿಲ್ಲಿಸಿದೆ. ಕೂತರೆ ಎರಡು ಪಾದವೂ ಪೂರ್ತಿ ನೆಲಕ್ಕೆ ತಾಗಿದವು. ಮಾವ ಅದರ ಸೀಟಿನ ಮೇಲೆ ಎತ್ತಿನ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿದ. ಆಮೇಲೆ ನಡೆದದ್ದೇ ಆ ಹಲ್ಲಿನ ಪರೀಕ್ಷೆ.

ಇನ್ನು ವ್ಯಾಪಾರ. ನಮ್ಮ ಕಡೆ ಎತ್ತಿನ ವ್ಯಾಪಾರವನ್ನು ಬಾಯಲ್ಲಿ ಮಾಡುವುದಿಲ್ಲ. ಕೈ ಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಮಾವ ಹೆಗಲ ಟವೆಲ್ ತೆಗೆದು ಅಂಗಡಿ ಹುಡುಗನ ಕೈ ಮುಚ್ಚಿ ಬೆರಳು ಹಿಡಿದೇಬಿಟ್ಟ! ಹುಡುಗ ಬೆಚ್ಚಿಬಿದ್ದು, "ಅಣ್ಣಾ, ಈ ಯಜಮಾನ್ರು ಏನೋ ಮಾಡ್ತಾವ್ರೆ!" ಎಂದು ಒಳಗೆ ಕೂಗಿದ. ನನಗೆ ನೆಲ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಒಳಗಿಂದ ನರೆತ ಮೀಸೆಯ ಮಾಲೀಕರು ಬಂದರು. ಟವೆಲ್ ನೋಡಿದರು, ಮಾವನ ಮುಖ ನೋಡಿದರು. ಹುಡುಗನನ್ನು ಪಕ್ಕಕ್ಕೆ ಸರಿಸಿ ತಮ್ಮ ಕೈಯನ್ನು ಟವೆಲ್ಲಿನ ಕೆಳಗೆ ಇಟ್ಟರು. ಅವರ ತಂದೆಯೂ ದನದ ವ್ಯಾಪಾರಿಯಂತೆ! ಇಬ್ಬರೂ ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡುತ್ತ, ತಲೆ ಅಲ್ಲಾಡಿಸುತ್ತ, ಒಮ್ಮೆ ಮುನಿಸಿಕೊಂಡು ಕೈ ಬಿಡಿಸಿಕೊಂಡು ಮತ್ತೆ ಹಿಡಿದು, ಕೊನೆಗೆ ನಕ್ಕರು. ನಾನು ಕೂಡಿಟ್ಟಿದ್ದ ಸಂಬಳವನ್ನು ಮಾವನ ಕೈಗೆ ಕೊಟ್ಟಿದ್ದೆ. ಅದಕ್ಕೆ ಅವನೆಷ್ಟು ಸೇರಿಸಿದನೋ, ಆ ಗಾಡಿಯ ಬೆಲೆ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಗಂಜಾಂನ ನಿಮಿಷಾಂಬ ದೇವಸ್ಥಾನದ ಮುಂದೆ ಪೂಜೆಯಾಗಿ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಮನೆಗೆ ಹೋಗೋಣವೆಂದರೆ ಮಾವ ಬಿಡಬೇಕಲ್ಲ? "ಎಳೇ ಓರಿನ ಕೊಂಡ್ಮೇಲೆ ಪಳಗ್ಸಬೇಕು ಕಣವ್ವ" ಎಂದು ಅಲ್ಲೇ ಹೊಳೆಯ ಮರಳಿಗೆ ಇಳಿಸಿದ. ಮರಳಾಯಿತು, ಮರುದಿನ ನಾಲೆ ಏರಿ, ಅದರ ಮರುದಿನ ಕಲ್ಲುದಾರಿ. ನಾಲ್ಕನೆಯ ದಿನ ತನ್ನ ಗದ್ದೆಗೆ ನೀರು ಕಟ್ಟಿ, ಮೊಣಕಾಲುದ್ದ ಕೆಸರು ಮಾಡಿ, "ಇಳ್ಸು" ಎಂದ. ಹೊಸ ಗಾಡಿ! ಅರಿಸಿನ ಕುಂಕುಮ ಇನ್ನೂ ಆರಿರಲಿಲ್ಲ! ಬದುವಿನ ಮೇಲೆ ಅರ್ಧ ಊರು ನಿಂತು ನೋಡುತ್ತಿತ್ತು.

"ಮಾವ, ಗಾಡಿ ಹಾಳಾಯ್ತದೆ."

"ಆದ್ರೆ ನನ್ ಗದ್ದೇಲಿ ಆಗ್ಲಿ. ಇಳಿ. ಪಕ್ಕದಲ್ಲಿ ನಿಂತ್ಕೊ. ಚೂರೇ ಚೂರು ಕಿವಿ ಇಂಡು. ಎದೆ ಕೊಟ್ಟು ತಳ್ಳು. ಅಂಗೆ!"

ಕಿವಿ ಎಂದರೆ ಆಕ್ಸಿಲೇಟರು. ಸೈಕಲ್ ತುಳಿಯದವನು ನನಗೆ ಗಾಡಿ ಕಲಿಸುತ್ತಿದ್ದ! ಆ ಒಂದೇ ದಿನ ಹನ್ನೆರಡು ಸಲ ಕೆಸರಿಗಿಳಿಸಿ ಹನ್ನೆರಡು ಸಲ ಹೊರಗೆ ತೆಗೆಸಿದ. ಬೇರೆ ಎಲ್ಲ ಪರೀಕ್ಷೆಯಲ್ಲೂ ನಗುನಗುತ್ತಿದ್ದವನು ಇದೊಂದರಲ್ಲಿ ಮಾತ್ರ ನಗುತ್ತಿರಲಿಲ್ಲ. ಅದೇಕೆ ಎಂದು ಆಗ ನಾನು ಕೇಳಲಿಲ್ಲ, ಕೆಸರು ಬಾಯೊಳಗೂ ಹೋಗಿತ್ತು.

ಇಷ್ಟಾದರೂ ಗಾಡಿ ನನ್ನ ಕೈಗೆ ಪೂರ್ತಿ ಬರಲಿಲ್ಲ. ತುಂಟ ದನ ಓಡದಂತೆ ಕೊರಳಿಗೆ ಮರದ ತುಂಡು ಕಟ್ಟುತ್ತಾರಲ್ಲ, ಹಾಗೆ ಮಾವ ಆಕ್ಸಿಲೇಟರಿನ ಸಂದಿಗೆ ಒಂದು ಮರದ ಬೆಣೆ ಬಡಿಸಿದ. ಎಷ್ಟು ತಿರುಗಿಸಿದರೂ ಅರ್ಧಕ್ಕಿಂತ ಹೆಚ್ಚು ತಿರುಗದು. ಸೈಕಲ್ಲಿನ ಮಕ್ಕಳು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಬೋಂಡದ ಕಾಗದದ ಮಗು ಹಾಕಿದ್ದನ್ನೆಲ್ಲ ನನಗೂ ಹಾಕಿಸಿದ: ಕೆಂಪು ಹೆಲ್ಮೆಟ್ಟು, ಕೈಗವಸು, ಮೊಣಕಾಲಿನವರೆಗೆ ರಬ್ಬರ್ ಬೂಟು. ಮೊದಲ ದಿನ ಹಳ್ಳಿಗೆ ಹೋದಾಗ ಒಬ್ಬ ಅಜ್ಜಿ, "ಬಾವಿ ತೋಡೋರು ಬಂದವ್ರೆ, ನರ್ಸಮ್ಮ ಇನ್ನೂ ಬಂದಿಲ್ಲ" ಎಂದು ನನ್ನನ್ನೇ ಹಿಂದಕ್ಕೆ ಕಳಿಸಲು ನೋಡಿತು. ಹಾರನ್ನಿನ ತಂತಿಯನ್ನೂ ಕಿತ್ತು, ನಾಗಮಂಗಲದ ಎರಕದವರಿಂದ ಕಂಚಿನ ಗಂಟೆ ಮಾಡಿಸಿ ಮುಂದೆ ಕಟ್ಟಿದ. "ಆರನ್ ಒಡುದ್ರೆ ಎತ್ತು ಬೆದರ್ತವೆ. ಗಂಟೆ ಸದ್ದಿಗೆ ಅವೇ ದಾರಿ ಬುಡ್ತವೆ." ನಾನು ಮುಖ ಊದಿಸಿಕೊಂಡೆ. ಆದರೆ ಹೇಳಲೇಬೇಕು, ಕಬ್ಬಿನ ಗಾಡಿಗಳ ಎತ್ತುಗಳು ಆ ಸದ್ದು ಕೇಳಿದೊಡನೆ ಪಕ್ಕಕ್ಕೆ ಸರಿಯುತ್ತಿದ್ದವು. ಮೇಲೆ ಮಲಗಿದ್ದ ಗಾಡಿಯವನಿಗೆ ಎಚ್ಚರವೂ ಆಗುತ್ತಿರಲಿಲ್ಲ.

ಮಳೆಗಾಲ ಬಂತು. ಅಪ್ಪ ಕೆಲಸ ಬಿಡು ಎನ್ನಲಿಲ್ಲ, ಆದರೆ ದಿನವೂ ಆಕಾಶ ನೋಡುತ್ತಿದ್ದರು. ಒಂದು ಬೆಳಿಗ್ಗೆ ಕೊನೆಯ ಹಳ್ಳಿಯಿಂದ ಒಬ್ಬ ಓಡಿ ಬಂದ. ಹೆಂಡತಿಗೆ ರಾತ್ರಿಯಿಂದ ನೋವು, ಮೊದಲ ಹೆರಿಗೆ, ಗಾಡಿ ಕಟ್ಟಿದರೆ ಕೆಸರಿನಲ್ಲಿ ಎತ್ತು ಹೆಜ್ಜೆ ಇಡುತ್ತಿಲ್ಲ. ನಾನು ಚೀಲ ಹಿಡಿದು ಹೊರಟೆ. ಗಾಡಿದಾರಿ ಮಾವನ ಗದ್ದೆಯಂತೆಯೇ ಆಗಿತ್ತು. ಮೂರು ಕಡೆ ಮೊಪೆಡ್ ಹೂತುಕೊಂಡಿತು. ಮೂರು ಕಡೆಯೂ ಇಳಿದೆ, ಪಕ್ಕದಲ್ಲಿ ನಿಂತೆ, ಚೂರೇ ಚೂರು ಕಿವಿ ಹಿಂಡಿ ಎದೆ ಕೊಟ್ಟು ತಳ್ಳಿದೆ. ಒಂದು ಕಡೆ ಗಾಡಿ ನನ್ನ ಮೇಲೇ ಮಲಗಿತು, ಒಂದೇ ಏಟಿಗೆ ಎತ್ತಿದೆ. ಮಗು ಮಧ್ಯಾಹ್ನಕ್ಕೆ ಹುಟ್ಟಿತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಬಿಡಿಸಿ, ಬೆನ್ನು ಉಜ್ಜಿದ ಮೇಲೆ ಅತ್ತಿತು. ಇನ್ನರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಸಂಜೆ ವಾಪಸ್ಸು ಬರುವಾಗ ನಾಲೆಯ ಸೇತುವೆ ಮೇಲೆ ಮಾವ ನಿಂತಿದ್ದ. ಮಳೆಯಲ್ಲಿ, ತಲೆ ಮೇಲೆ ಗೋಣಿಚೀಲ ಹೊದ್ದು. ಎಷ್ಟು ಹೊತ್ತಿನಿಂದ ಎಂದು ಕೇಳಿದೆ. ಅವನು ಗಾಡಿಯ ಚಕ್ರ ನೋಡುತ್ತ, "ಕೆಸರಲ್ಲಿ ಊತ್ಕೊತಾ?" ಎಂದ.

"ಮೂರ್ ಕಡೆ. ತಗ್ದೆ ಮಾವ."

"ಮಗ?"

"ಗಂಡು. ಇಬ್ರೂ ಚೆನ್ನಾಗವ್ರೆ."

ಮಾವ ಸೇತುವೆಯ ಕಟ್ಟೆ ಮೇಲೆ ಕುಸಿದು ಕೂತ. ನನಗಿಂತ ಮೊದಲು ನನಗೊಬ್ಬ ಅಣ್ಣ ಹುಟ್ಟಿ ಉಳಿಯಲಿಲ್ಲ ಎಂದಷ್ಟೇ ಅವ್ವ ಹೇಳಿದ್ದಳು, ಅದಕ್ಕಿಂತ ಹೆಚ್ಚು ಯಾರೂ ಹೇಳಿರಲಿಲ್ಲ. "ಅವತ್ತು ನಿಮ್ಮವ್ವನ್ನ ಆಸ್ಪತ್ರೆಗೆ ಕರ್ಕೊಂಡು ಒಂಟಿದ್ದು ನಾನೇ ಕಣವ್ವ" ಎಂದ. "ನಾಡಿಗೇ ಒಳ್ಳೆ ಜೋಡಿ ಕಟ್ಟಿದ್ದೆ. ಗಾಡಿ ಊತೋಯ್ತು. ಎಷ್ಟು ಒಡುದ್ರೂ ಏಳ್ನಿಲ್ಲ. ಗಾಡೀಲೇ ಉಟ್ತು, ಅಳ್ನಿಲ್ಲ. ಇಂಗೆ ಒಬ್ಳು ನರ್ಸಮ್ಮ ಬಂದಿದ್ರೆ..." ಅಷ್ಟು ದಿನ ನಾನು ನಕ್ಕಿದ್ದೆಲ್ಲ, ಮುಖ ಊದಿಸಿದ್ದೆಲ್ಲ ನೆನಪಾಗಿ ನನಗೆ ಅಳು ತಡೆಯಲಾಗಲಿಲ್ಲ.

ಮಾವ ಎದ್ದ. ಜೇಬಿನಿಂದ ಚಾಕು ತೆಗೆದು ಆಕ್ಸಿಲೇಟರಿನ ಸಂದಿಯ ಬೆಣೆಯನ್ನು ಮೀಟಿ ಕಿತ್ತು ನಾಲೆಗೆ ಎಸೆದ. "ನಿಂಗೆ ಇದು ಬ್ಯಾಡ ಇನ್ನು. ನೀನ್ ಪಳಗಿದ್ದೀಯ" ಎಂದ. ಆಮೇಲೆ ಪಂಚೆ ಎತ್ತಿ ಕಟ್ಟಿ, ಹೊಸಬನ ಹಾಗೆ ಅಂಜುತ್ತ ಅಂಜುತ್ತ, ಉಸಿರಾಡದ ಆ ಗಾಡಿಯ ಹಿಂದೆ ಹತ್ತಿ ಕೂತು ನನ್ನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡ.

"ನಡಿ ಮಗ. ಊರೊಳಗಿಂದ್ಲೇ ಓಗು. ಗಂಟೆ ಜೋರಾಗಿ ಬಾರ್ಸು, ನಿಮ್ಮವ್ವಂಗೆ ಕೇಳ್ಬೇಕು."