ಎರಡು ಸೀಮೆಎಣ್ಣೆ ಡಬ್ಬ, ಒಂದು ಕೋಸಂಬರಿ

ಅರವತ್ತರ ದಶಕದ ಮೊದಲ ವರ್ಷಗಳು. ಸಂಕ್ರಾಂತಿಯ ಸಂಜೆ ಯಶವಂತಪುರದ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ನಾನು, ನನ್ನ ಹೆಂಡತಿ ಸಾವಿತ್ರಿ, ಯಲಹಂಕದಿಂದ ಬಂದಿದ್ದ ಮಾವನವರು ಕೂತಿದ್ದೆವು. ಪಕ್ಕದ ಮನೆಯ ಫಾತಿಮಾಬಿ ನಾವು ಕೊಟ್ಟ ಎಳ್ಳುಬೆಲ್ಲ ತೆಗೆದುಕೊಂಡು ಗೋಡೆಯಾಚೆ ನಿಂತಿದ್ದರು. ಇಷ್ಟು ಜನ ಸಾಕ್ಷಿಗಳ ಸಮಕ್ಷಮದಲ್ಲಿ ನಾನು ಘೋಷಿಸಿದೆ:

"ಮಾವ, ಈ ರಾಮನವಮಿಗೆ ನೀವು ಸೌತೆಕಾಯಿ ಹೊತ್ಕೊಂಡ್ ಬರ್ಬೇಡಿ. ಕೋಸಂಬರಿಗೆ ನಮ್ಮನೇದೇ!"

ಮಾವನವರು ಹುಟ್ಟಾ ರೈತರು. ಚಪ್ಪಡಿ ಹಾಸಿದ ನಮ್ಮ ಅಂಗಳವನ್ನು ಆ ತುದಿಯಿಂದ ಈ ತುದಿಗೆ ನೋಡಿದರು.

"ಕಲ್ಲಿನ ಮ್ಯಾಗೆ ಬೆಳೀತೀರಾ ಅಳಿಯಂದ್ರೆ?"

"ಡಬ್ಬದಲ್ಲಿ!"

ನಕ್ಕರು. ಅಂದಿನಿಂದ ನನ್ನ ಮಾನವೆಲ್ಲ ಡಬ್ಬದಲ್ಲೇ ಇತ್ತು.

ಎರಡು ಸೀಮೆಎಣ್ಣೆ ಡಬ್ಬಗಳಿಗೆ ತೂತು ಹೊಡೆದು, ಮಣ್ಣು ಗೊಬ್ಬರ ತುಂಬಿ ಬೀಜ ಊರಿದೆ. ಬಳ್ಳಿ ಗೋಡೆ ಹತ್ತಿತು. ಶಿವರಾತ್ರಿ ಕಳೆಯುತ್ತಲೇ ಹಳದಿ ಹೂವು! ಮನೆಯಲ್ಲಿ ಬೆಳೆದದ್ದು ಮೊದಲು ದೇವರಿಗೆ ಎಂದು ಹಿರಿಯರು ಹೇಳಿಕೊಟ್ಟಿದ್ದರು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಅರಳಿದಷ್ಟೂ ಹೂವು ಕಿತ್ತು ರಾಮದೇವರ ಪಟಕ್ಕೆ ಏರಿಸಿದೆ. ಹೂವೇ ಕಾಯಾಗುತ್ತದೆಂಬ ಸಣ್ಣ ವಿಷಯ ನನ್ನ ಭಕ್ತಿಗೆ ಅಡ್ಡ ಬರಲಿಲ್ಲ.

"ಏನ್ರೀ, ಕಾಯೆಲ್ರೀ?" ಎನ್ನುತ್ತಿದ್ದಳು ಸಾವಿತ್ರಿ.

"ಭಕ್ತಿಗೆ ಫಲ ಸ್ವಲ್ಪ ನಿಧಾನ ಕಣೇ."

ರಾಮನವಮಿಯ ಬೆಳಿಗ್ಗೆ ಮಾವನವರು ಬರಿಗೈ ಬೀಸಿಕೊಂಡು ಬಂದರು. ಹೆಸರುಬೇಳೆ ನೆನೆದು ಕಾಯುತ್ತಿತ್ತು. ಅವರು ಬಳ್ಳಿಯನ್ನು ನೋಡಿದರು. ಹಳದಿ ಹೂವಿನಲ್ಲಿ ಮುಳುಗಿದ್ದ ಪಟವನ್ನೂ ನೋಡಿದರು.

"ಇರೋ ಊವೆಲ್ಲ ಕಿತ್ರೆ ಕಾಯಿ ಎಲ್ಲಿಂದ ಬತ್ತದೆ ಅಳಿಯಂದ್ರೆ? ಪಟದಿಂದ ಉದುರ್ತದಾ?"

ನಾನು ಜಗಲಿಯ ಕಂಬ ಹಿಡಿದು ನಿಂತೆ. ಸಾವಿತ್ರಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟರಲ್ಲಿ ಗೋಡೆಯಾಚೆಯಿಂದ ಫಾತಿಮಾಬಿಯ ದನಿ:

"ಸಾವಿತ್ರಮ್ಮಾ, ಒಂದು ಮೊರ ತಗೊಂಬನ್ನಿ!"

ಒಂದಲ್ಲ, ಎರಡಲ್ಲ, ಹನ್ನೊಂದು ಸೌತೆಕಾಯಿ! ನನ್ನ ಬಳ್ಳಿ ಗೋಡೆ ದಾಟಿ ಅವರ ಕಡೆ ಇಳಿದುಹೋಗಿತ್ತು.

"ಅಣ್ಣ ದಿನಾ ದೇವರಿಗೆ ಇಡೋ ಹೂವು, ನಾವು ಮುಟ್ಬಾರ್ದು ಅಂತ ಬಿಟ್ವಿ. ಎಲ್ಲಾ ಕಾಯಾಗೋಯ್ತು. ಹಬ್ಬದ ದಿನಾನೇ ಕೊಡೋಣ ಅಂತ ಸುಮ್ನಿದ್ದೆ."

ನಾನು ಕಂಬ ಬಿಟ್ಟು ಎದೆ ಸೆಟೆಸಿದೆ. "ಡಬ್ಬ ಯಾರ್ದು ಮಾವ?"

ಮೊದಲ ದೊನ್ನೆ ಕೋಸಂಬರಿ ಗೋಡೆಯಾಚೆ ಹೋಯಿತು. ಮಾವನವರು ಮೂರು ಸಲ ಹಾಕಿಸಿಕೊಂಡರು. ಇದಕ್ಕಿಂತ ದೊಡ್ಡ ಗೆಲುವು ಯಾವ ಅಳಿಯನಿಗೆ ಬೇಕು!

ಮುಂದಿನ ಸಂಕ್ರಾಂತಿಗೆ ಸಾವಿತ್ರಿ ನನ್ನನ್ನೊಂದು ಮಾತೂ ಕೇಳದೆ ಎರಡೂ ಡಬ್ಬಗಳನ್ನು ಫಾತಿಮಾಬಿಯ ಅಂಗಳದಲ್ಲಿಟ್ಟು ಬಂದಳು. ಪೂಜೆಗೆಂದು ನನಗೊಂದು ದಾಸವಾಳದ ಕುಂಡ ತಂದುಕೊಟ್ಟಳು.