ಭಾನುವಾರದ ಸಿನಿಮಾ ಮತ್ತು ನನ್ನ ಸ್ಟೆಬಿಲೈಸರ್

ಪೀಣ್ಯದ ಕಾರ್ಖಾನೆಯಲ್ಲಿ ನನ್ನ ಕೆಲಸ ಬಹಳ ಗಂಭೀರವಾದದ್ದು. ದೊಡ್ಡ ದೊಡ್ಡ ಜನರೇಟರುಗಳ ವೋಲ್ಟೇಜು ಅಲ್ಲಾಡದ ಹಾಗೆ ಅವುಗಳ ಕಾಂತಶಕ್ತಿಯನ್ನು ಏರಿಸಿ ಇಳಿಸುವ ಯಂತ್ರಕ್ಕೆ ಕಾಗದದ ಮೇಲೆ ಮಾಡೆಲ್ ತಯಾರಿಸುವವನು ನಾನು. ಇದಕ್ಕೆ ಎಕ್ಸೈಟೇಷನ್ ಕಂಟ್ರೋಲ್ ಎಂದು ಹೆಸರು. ಇಂಥ ನನಗೆ ಮನೆಯ ಟಿ.ವಿ. ಯಾವ ಲೆಕ್ಕ?

ಟಿ.ವಿ. ಕೊಡಿಸಿದ್ದು ಆನೇಕಲ್ಲಿನ ಮಾವನವರು. ಸಂಜೆಯಾದರೆ ನಮ್ಮ ಬೀದಿಯ ಕರೆಂಟು ಸೊರಗಿ, ಚಿತ್ರ ಅಂಗೈಯಷ್ಟಾಗುತ್ತಿತ್ತು.

"ಅಂಗಡೀಲಿ ಸ್ಟೆಬಿಲೈಸರ್ ಸಿಕ್ತದಂತೆ. ತಂದ್ಕೊಡ್ಲಾ ಅಳಿಯಂದ್ರೇ?" ಎಂದರು ಮಾವ.

ನನಗೆ ಅವಮಾನವಾಯಿತು. "ಬೇಡಿ ಮಾವ, ಮುಂದಿನ ಭಾನುವಾರ ಟಿ.ವಿ. ಸಿನಿಮಾಕ್ಕೆ ಬನ್ನಿ. ನಾನೇ ಮಾಡಿಟ್ಟಿರ್ತೀನಿ!"

ಹೆಂಡತಿ ಜಯ ಈ ಮಾತನ್ನು ಇಡೀ ಬೀದಿಗೆ ಮುಟ್ಟಿಸಿದಳು. ಮಾವನ ಮುಂದೆ ನನ್ನ ಮರ್ಯಾದೆ ಈಗ ನಾನು ಮಾಡಬೇಕಾದ ಒಂದು ತಗಡಿನ ಡಬ್ಬದಲ್ಲಿತ್ತು.

ಅಂಗಡಿಯ ಸ್ಟೆಬಿಲೈಸರುಗಳು ಹತ್ತಿಪ್ಪತ್ತು ವೋಲ್ಟು ಆಚೀಚೆಯಾದರೂ ಸುಮ್ಮನಿರುತ್ತವೆ. ಸೋಮಾರಿಗಳು! ನನ್ನದು ಒಂದು ವೋಲ್ಟು ಕಡಿಮೆಯಾದರೂ ಏರಿಸಬೇಕು, ಒಂದು ಹೆಚ್ಚಾದರೂ ಇಳಿಸಬೇಕು ಎಂದು ವಿಧಿಸಿದೆ. ಕಾಗದದ ಮೇಲೆ ಅದು ಅದ್ಭುತವಾಗಿ ಕೆಲಸ ಮಾಡಿತು.

ಭಾನುವಾರ ಮಾವನವರು ಕುರ್ಚಿಯಲ್ಲಿ, ಬೀದಿಯವರೆಲ್ಲ ಚಾಪೆಯ ಮೇಲೆ. ಸ್ವಿಚ್ ಹಾಕಿದೆ. ಟಕ್! ವೋಲ್ಟೇಜು ಏರಿತು. ಆದರೆ ನನ್ನ ಡಬ್ಬ ಏರಿಸಿದರೆ ಒಂದೇಟಿಗೆ ಮೂವತ್ತು ವೋಲ್ಟು! ಹೆಚ್ಚಾಯಿತೆಂದು ಟಕ್, ಇಳಿಸಿತು. ಕಡಿಮೆಯಾಯಿತೆಂದು ಟಕ್, ಮತ್ತೆ ಏರಿಸಿತು. ತೆರೆಯ ಮೇಲೆ ನಾಯಕ ಒಮ್ಮೆ ಪೈಲ್ವಾನನಾದ, ಒಮ್ಮೆ ನರಪೇತಲನಾದ. ಇಂಥ ಓಲಾಟವನ್ನು ತಡೆಯಲೆಂದೇ ಕಾರ್ಖಾನೆ ನನಗೆ ಸಂಬಳ ಕೊಡುತ್ತಿತ್ತು!

"ರೀ, ಆ ಡಬ್ಬ ತೆಗೆದು ಟಿ.ವಿ.ನ ನೇರ ಹಾಕ್ಬಿಡಿ," ಎಂದಳು ಜಯ.

"ನೀನ್ ಸುಮ್ನಿರೇ. ಸ್ವಲ್ಪ ಚುರುಕು ಮಾಡಿದ್ರೆ ಸರಿಹೋಗುತ್ತೆ."

ತಿರುಪು ತಿರುಗಿಸಿದೆ. ಟಕಟಕಟಕ! ನಾಯಕನ ತಾಯಿ ಕೊನೆಯುಸಿರೆಳೆಯುತ್ತಾ ಉಬ್ಬುವುದು, ಕುಗ್ಗುವುದು! ಗೊಳೋ ಎಂದು ಅಳಬೇಕಿದ್ದ ಪಕ್ಕದ ಮನೆಯ ಪದ್ದಮ್ಮ ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದರು. ನನಗೆ ರೋಷ ಬಂತು. ಇನ್ನೂ ಒಂದು ಸುತ್ತು ತಿರುಗಿಸಿದೆ.

ಢಂ! ಡಬ್ಬದಿಂದ ಹೊಗೆ ಎದ್ದಿತು. ಮನೆಯ ಫ್ಯೂಸು ಹೋಯಿತು. ಒಬ್ಬೊಬ್ಬರಾಗಿ ಚಾಪೆ ಖಾಲಿಯಾಯಿತು. ಜಯ ಮೇಣದಬತ್ತಿ ಹಚ್ಚಿ ನನ್ನ ಮುಖದ ಎದುರಿಗೇ ಇಟ್ಟಳು.

ಮಾವನವರು ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದರು. "ಅಳಿಯಂದ್ರೇ, ಕಾರ್ಖಾನೇಲಿ ನೀವ್ ಮಾಡ್ತೀರಲ್ಲ ದೊಡ್ಡ ಮಿಸನ್ನು, ಅದು ಯಾವೂರ ಕರೆಂಟಿಗೆ?"

"ಇನ್ನೂ ಗೊತ್ತಿಲ್ಲ ಮಾವ."

"ಆನೇಕಲ್‌ಗೆ ಮಾತ್ರ ಬ್ಯಾಡ ಅಂತ ಏಳ್ಬುಡಿ."

ಆಗಲಿ ಎಂದು ತಲೆಯಾಡಿಸಿದೆ, ಆಡಿಸುತ್ತಲೇ ಇದ್ದೆ. ನನ್ನ ಡಬ್ಬದ ಹಾಗೆಯೇ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ!